ಊರಿಗೆ ಹೊರಡುವ ಮೊದಲೇ ಫೋನಿನ ನೆಟ್‌ವರ್ಕ್ ಲಾಕ್ ತೆಗೆಸಿ

ಪ್ರಶ್ನೆ (ಡಲ್ಲಾಸ್‌ನಿಂದ): ಬೇಸಿಗೆ ರಜೆಗೆ ಮಕ್ಕಳನ್ನು ಕರಕೊಂಡು ಶಿರಸಿಗೆ ಹೊರಟಿದ್ದೇವೆ. ಮಗಳು ಬಳಸ್ತಿದ್ದ ಐಫೋನನ್ನು ಆಯಿಗೆ (ಅಮ್ಮನಿಗೆ) ಕೊಟ್ಟು ಬರೋಣ ಅಂತ ಇದೆ. ಇಲ್ಲಿನ ಮೊಬೈಲ್ ಕಂಪನಿ ಎಟಿ ಅಂಡ್ ಟಿಯಿಂದ ಕಂತಿನಲ್ಲಿ ತಗೊಂಡ ಫೋನು. ಊರಿನ ಸಿಮ್ ಹಾಕಿದರೆ ನಡೀತದಾ? ಇಲ್ಲದಿದ್ದರೆ ಶಿರಸಿ ಪೇಟೆಯಲ್ಲೇ ಅನ್‌ಲಾಕ್ ಮಾಡಿಸಬಹುದಾ?

ಉತ್ತರ 1: ಊರಿಗೆ ಹೋಗಿ ಮಾಡಿಸಿದರಾಯ್ತು ಅಂತ ದಯವಿಟ್ಟು ಬಿಟ್ಟುಬಿಡಬೇಡಿ ಅಕ್ಕ. ಬೇರೆ ಕಂಪನಿಯ ಸಿಮ್ ನಡೆಯದಂತೆ ಹಾಕಿದ ಈ ಬೀಗದ ಕೀಲಿ ಇರುವುದು ಫೋನಿನೊಳಗೆ ಅಲ್ಲ, ಫೋನು ಮಾರಿದ ಕಂಪನಿಯ ಕೈಯಲ್ಲಿ. ಐಫೋನಿನಲ್ಲಿ ಕಂಪನಿ ಒಪ್ಪಿ ಆಪಲ್‌ಗೆ ತಿಳಿಸಿದ ಮೇಲೇ ಅದು ಬಿಡ್ತದೆ. ಶಿರಸಿಯಲ್ಲಿರಲಿ, ಕಾರವಾರದಲ್ಲಿರಲಿ, ಅಂಗಡಿಯವರ ಕೈಯಲ್ಲಿ ಆ ಕೀಲಿ ಇಲ್ಲ. ಕೆಲವು ಕಡೆ ಸಿಮ್ಮಿನ ಅಡಿಗೆ ಕಾಗದದಷ್ಟು ತೆಳು ಚಿಪ್ ಅಂಟಿಸಿ ಕೊಡ್ತಾರೆ. ಅದು ಫೋನಿಗೆ ಸುಳ್ಳು ಹೇಳಿ ನಡೆಸುವ ಉಪಾಯ ಅಷ್ಟೇ. ಮುಂದಿನ ಐಒಎಸ್ ಅಪ್‌ಡೇಟ್ ಬಂದ ದಿನ ಸಿಗ್ನಲ್ ಹೋಗಬಹುದು. ಆಗ ಆಯಿ ಒಬ್ಬರೇ ಇರ್ತಾರೆ, ನೀವು ಡಲ್ಲಾಸ್‌ನಲ್ಲಿ.

ಮೊದಲು ಲಾಕ್ ಇದೆಯೋ ಇಲ್ಲವೋ ನೋಡಿ. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಕೆಳಗೆ ಜಾರಿಸಿದರೆ ಕ್ಯಾರಿಯರ್ ಲಾಕ್ ಅಂತ ಒಂದು ಸಾಲು ಕಾಣ್ತದೆ. ಅದರೆದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಿದ್ದರೆ ಏನೂ ಮಾಡಬೇಕಾಗಿಲ್ಲ. ‘ಸಿಮ್ ಲಾಕ್ಡ್’ ಅಂತಿದ್ದರೆ *#06# ಒತ್ತಿ, ಬರುವ 15 ಅಂಕಿಯ ಐಎಂಇಐ (ಫೋನಿನ ಗುರುತು ಸಂಖ್ಯೆ) ಬರೆದಿಟ್ಟುಕೊಳ್ಳಿ. ಎರಡು ಐಎಂಇಐ ತೋರಿಸಿದರೆ ಅರ್ಜಿಯಲ್ಲಿ ಮೊದಲಿನದ್ದು ಕೊಡಿ.

ಎಟಿ ಅಂಡ್ ಟಿಯಲ್ಲಿ ಕಂತು ಪೂರ್ತಿ ತೀರಿರಬೇಕು, ಫೋನು ಅವರ ನೆಟ್‌ವರ್ಕಿನಲ್ಲಿ 60 ದಿನ ಚಾಲ್ತಿಯಲ್ಲಿ ಇದ್ದಿರಬೇಕು, ಕಳವಾದದ್ದೆಂದು ದಾಖಲಾಗಿರಬಾರದು. ಪ್ರೀಪೇಯ್ಡ್ ಆದರೆ 6 ತಿಂಗಳು. ಅವರ ಅನ್‌ಲಾಕ್ ಪುಟದಲ್ಲಿ ಅರ್ಜಿ ಹಾಕಿದ ಕೂಡಲೇ ಒಂದು ಇಮೇಲ್ ಬರ್ತದೆ. ಅದರಲ್ಲಿರುವ ಲಿಂಕನ್ನು 24 ಗಂಟೆಯೊಳಗೆ ಒತ್ತದಿದ್ದರೆ ಅರ್ಜಿ ರದ್ದು. ಎಷ್ಟೋ ಜನ ಎಡವುವುದು ಇಲ್ಲೇ, ಆ ಇಮೇಲ್ ಸ್ಪ್ಯಾಮಿನಲ್ಲಿ ಬಿದ್ದಿರ್ತದೆ. ಆಮೇಲೆ ಎರಡು ಕೆಲಸದ ದಿನದಲ್ಲಿ ಉತ್ತರ ಬರ್ತದೆ. ಕಂತು ಬಾಕಿ ಇದ್ದರೆ ಉಳಿದ ಹಣ ಒಟ್ಟಿಗೆ ಕಟ್ಟಿ, ಅದು ಖಾತೆಗೆ ಜಮಾ ಆದದ್ದನ್ನು ನೋಡಿಕೊಂಡೇ ಅರ್ಜಿ ಹಾಕಿ. ಹೊರಡುವ ಮುನ್ನಾ ದಿನ ಕೂತರೆ ಆಗುವ ಕೆಲಸ ಅಲ್ಲ, ಮೂರು ವಾರ ಕೈಯಲ್ಲಿರಲಿ. ಕಂತು ಉಳಿಸಿಕೊಂಡು ಫೋನು ಊರಿಗೆ ಕಳಿಸುವ ಯೋಚನೆಯಂತೂ ಬೇಡವೇ ಬೇಡ. ಹಣ ಕಟ್ಟದಿದ್ದರೆ ಐಎಂಇಐ ಕಪ್ಪುಪಟ್ಟಿಗೆ ಸೇರಬಹುದು.

ಒಪ್ಪಿಗೆ ಬಂದ ಮೇಲೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಲೇಬೇಕು. ಟಿ-ಮೊಬೈಲ್ ಇರುವ ಸ್ನೇಹಿತರ ಸಿಮ್ ಹತ್ತು ನಿಮಿಷಕ್ಕೆ ಕೇಳಿ, ವೈಫೈ ಹಚ್ಚಿಟ್ಟು ಹಾಕಿ, ಒಂದು ಕರೆ ಮಾಡಿ. ‘ಸಿಮ್ ನಾಟ್ ಸಪೋರ್ಟೆಡ್’ ಅಂತ ಬಂದರೆ ಅನ್‌ಲಾಕ್ ಇನ್ನೂ ಫೋನಿಗೆ ಇಳಿದಿಲ್ಲ. ಬ್ಯಾಕಪ್ ತೆಗೆದು, ಪೂರ್ತಿ ಅಳಿಸಿ ಮತ್ತೆ ಸೆಟಪ್ ಮಾಡಿದರೆ ಸಾಮಾನ್ಯವಾಗಿ ಇಳೀತದೆ.

ಇನ್ನೊಂದು ಬೀಗವೂ ಇದೆ, ಮಕ್ಕಳ ಫೋನಿನಲ್ಲಿ ಇದೇ ಹೆಚ್ಚು ಕಾಡುವುದು. ಮಗಳ ಆಪಲ್ ಅಕೌಂಟ್ ಹಾಗೇ ಉಳಿದರೆ, ಫೋನು ಅಳಿಸಿದ ಮೇಲೂ ಅವಳ ಪಾಸ್‌ವರ್ಡ್ ಇಲ್ಲದೆ ತೆರೆಯುವುದಿಲ್ಲ. ನೆಟ್‌ವರ್ಕ್ ಲಾಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಮೊದಲು ಸ್ಕ್ರೀನ್ ಟೈಮ್ ಪಾಸ್‌ಕೋಡ್ ತೆಗೀರಿ, ಆಮೇಲೆ ಸೈನ್ ಔಟ್, ಆಮೇಲೆ ಅಳಿಸಿ. ಮನೆಯಲ್ಲಿ ಕೂತೇ ಮಾಡಿ. ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಇದ್ದರೆ ಪರಿಚಯವಿಲ್ಲದ ಜಾಗದಲ್ಲಿ ಸೈನ್ ಔಟ್ ಮಾಡಲು ಒಂದು ಗಂಟೆ ಕಾಯಿಸ್ತದೆ. ಅಜ್ಜಿ ಮನೆ ನಿಮಗೆಷ್ಟೇ ಪರಿಚಯ ಇದ್ದರೂ ಫೋನಿಗೆ ಅದು ಹೊಸ ಜಾಗ.

ಉತ್ತರ 2: ಮೇಲಿನದ್ದೆಲ್ಲ ಸರಿ. ಆದರೆ ಅಕ್ಕ, ಅದು ಯಾವ ಐಫೋನು? ಅಮೆರಿಕದಲ್ಲಿ ಮಾರುವ ಐಫೋನ್ 14ರಿಂದ ಈಚಿನದಕ್ಕೆ ಸಿಮ್ ಹಾಕುವ ತಟ್ಟೆಯೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಫೋನಿನ ಬದಿಯಲ್ಲಿ ಸೂಜಿ ಚುಚ್ಚುವ ಸಣ್ಣ ತೂತು ಇದೆಯಾ ನೋಡಿ. ಇಲ್ಲದಿದ್ದರೆ ಆಯಿಯ ಈಗಿನ ಸಿಮ್ ಕಾರ್ಡನ್ನು ಅದಕ್ಕೆ ಹಾಕಲು ಬರುವುದೇ ಇಲ್ಲ.

ಇ-ಸಿಮ್ ಮಾಡಿಸಬಹುದು. ಏರ್‌ಟೆಲ್ ಆದರೆ ಇ-ಸಿಮ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನೋಂದಾಯಿಸಿದ ಇಮೇಲ್ ವಿಳಾಸ ಹಾಕಿ 121ಕ್ಕೆ ಎಸ್ಸೆಮ್ಮೆಸ್ ಮಾಡಬೇಕು. ಜಿಯೊಗೆ 199. ಅದಕ್ಕೆ ಫೋನಿನ 32 ಅಂಕಿಯ ಇಐಡಿಯೂ (ಇ-ಸಿಮ್ ಚಿಪ್ಪಿನ ಗುರುತು ಸಂಖ್ಯೆ) ಐಎಂಇಐಯೂ ಬೇಕು. ಈ ಎಸ್ಸೆಮ್ಮೆಸ್ ಹೋಗಬೇಕಾದ್ದು ಆಯಿಯ ಸಿಮ್ ಇರುವ ಹಳೇ ಫೋನಿನಿಂದಲೇ. ಅದನ್ನು ಆಚೆ ಎಸೆಯಬೇಡಿ. ಏರ್‌ಟೆಲ್‌ನವರ ಕ್ಯೂಆರ್ ಇಮೇಲಿಗೆ ಬರ್ತದೆ, ಅದನ್ನು ಸ್ಕ್ಯಾನ್ ಮಾಡಲು ಇನ್ನೊಂದು ಪರದೆ ಮತ್ತು ವೈಫೈ ಬೇಕು. ಸೋಂದೆ, ಬನವಾಸಿ ಕಡೆಯ ತೋಟದ ಮನೆಯಲ್ಲಿ ಕೂತು ಒದ್ದಾಡುವ ಬದಲು ಪೇಟೆಯ ಏರ್‌ಟೆಲ್ ಅಥವಾ ಜಿಯೊ ಮಳಿಗೆಗೆ ಆಯಿಯನ್ನೂ ಆಧಾರನ್ನೂ ಕರಕೊಂಡು ಹೋಗುವುದು ಒಳ್ಳೇದು.

ನನ್ನ ಅಭಿಪ್ರಾಯ ಕೇಳಿದರೆ, ಹಿರಿಯರಿಗೆ ತಟ್ಟೆ ಇರುವ ಫೋನೇ ಕೊಡಿ, 13 ಅಥವಾ ಅದಕ್ಕಿಂತ ಹಿಂದಿನದು. ಫೋನು ನೀರಿಗೆ ಬಿದ್ದರೆ ಪಕ್ಕದ ಮನೆಯ ಹುಡುಗ ಸಿಮ್ ತೆಗೆದು ಇನ್ನೊಂದಕ್ಕೆ ಹಾಕಿ ಎರಡು ನಿಮಿಷದಲ್ಲಿ ಮಾತಾಡಿಸ್ತಾನೆ. ಇ-ಸಿಮ್ಮಿನಲ್ಲಿ ಅದು ಆಗುವ ಮಾತಲ್ಲ.

ಪ್ರಶ್ನೆ (ಟೊರೊಂಟೊದಿಂದ): ನಾವೂ ಊರಲ್ಲಿರುವ ಆಯಿಗೆ ಫೋನು ಕೊಡಬೇಕು ಅಂತಿದ್ದೇವೆ. ನಮ್ಮದು ಕೆನಡಾದಲ್ಲಿ ತಗೊಂಡ ಸ್ಯಾಮ್‌ಸಂಗ್. ಇದಕ್ಕೂ ಇಷ್ಟೆಲ್ಲ ಮಾಡಬೇಕಾ?

ಉತ್ತರ 1: ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಕಂಪನಿಗಳು ಲಾಕ್ ಇಲ್ಲದ ಫೋನನ್ನೇ ಮಾರಬೇಕು, ಹಳೇದಾದರೆ ಶುಲ್ಕವಿಲ್ಲದೆ ಬಿಡಿಸಿಕೊಡಬೇಕು. ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ಲಾಕ್ ಮಾಡಿದ ಫೋನು ಮಾರುವಂತಿಲ್ಲ. ಹಳೇ ಸ್ಯಾಮ್‌ಸಂಗ್ ಆದರೆ ಕಂಪನಿ ಒಂದು ಪಿನ್ ಕೊಡ್ತದೆ, ಬೇರೆ ಸಿಮ್ ಹಾಕಿದಾಗ ಫೋನು ಅದನ್ನು ಕೇಳ್ತದೆ. ಊಹಿಸಿ ಊಹಿಸಿ ಒತ್ತಬೇಡಿ, ಲೆಕ್ಕ ಮೀರಿದರೆ ಆಮೇಲೆ ಸರಿಯಾದ ಪಿನ್ನನ್ನೂ ತಗೊಳ್ಳುವುದಿಲ್ಲ.

ಸ್ಯಾಮ್‌ಸಂಗ್‌ನಲ್ಲಿ ನೋಡಬೇಕಾದ್ದು ಕರೆ. ಜಿಯೊಗೆ 2ಜಿ, 3ಜಿ ಇಲ್ಲ, ಮಾತೆಲ್ಲ ವೋಲ್ಟೆ (4ಜಿ ಮೂಲಕ ಹೋಗುವ ಕರೆ) ಮೇಲೆ. ಹೊರದೇಶದ ಕಂಪನಿಯ ಸಾಫ್ಟ್‌ವೇರ್ ಇರುವ ಫೋನಿನಲ್ಲಿ ಜಿಯೊ ವೋಲ್ಟೆ ಏಳದಿದ್ದರೆ ವಾಟ್ಸಾಪ್ ನಡೀತದೆ, ಸಾದಾ ಕರೆ ಮಾತ್ರ ಹೋಗುವುದಿಲ್ಲ. ಲಾಕ್ ಬಿಟ್ಟಿಲ್ಲ ಅಂತ ಆಗ ಗಾಬರಿಯಾಗಬೇಡಿ, ವೋಲ್ಟೆ ಇಲ್ಲದೆಯೂ ಕರೆ ಹೋಗುವ ಏರ್‌ಟೆಲ್ ಸಿಮ್ ಹಾಕಿ ನೋಡಿ.

ಉತ್ತರ 2: ಅದಕ್ಕಿಂತ ಮೊದಲು ಆಯಿಯ ಮನೆ ಜಗಲಿಯಲ್ಲಿ ಯಾವ ಸಿಮ್ ಸಿಗ್ತದೆ ಅಂತ ಕೇಳಿಕೊಳ್ಳಿ. ಸಿದ್ದಾಪುರ, ಯಲ್ಲಾಪುರ, ಜೋಯಿಡಾದ ಒಳಹಳ್ಳಿಗಳಲ್ಲಿ ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಒಂದೇ ಗತಿ. ಅದರ 4ಜಿ ನಡೆಯುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಫೋನಿನ ವಿವರದಲ್ಲಿ ಬರೆಯುವ ತರಂಗಪಟ್ಟಿಗಳ ಲೆಕ್ಕದಲ್ಲಿ ಬ್ಯಾಂಡ್ 28 ಮತ್ತು 1. ಫೋನಿನ ಮಾಡೆಲ್ ನಂಬರ್ ಹಾಕಿ ಹುಡುಕಿ, ಬ್ಯಾಂಡ್ 28 ಇದೆಯಾ ನೋಡಿ. ಅಡಿಕೆ ತೋಟ, ಗುಡ್ಡದ ನಡುವೆ ಮನೆಯೊಳಗೆ ತಲುಪುವುದು ಆ 700ರ ಸಿಗ್ನಲ್ಲೇ. ಆಯಿಯ ಸಿಮ್ 3ಜಿ ಕಾಲದ್ದಾದರೆ ಅದನ್ನೂ 4ಜಿಗೆ ಬದಲಿಸಿಕೊಳ್ಳಬೇಕು.

ಮನೆಯಲ್ಲಿ ಫೈಬರ್ ಇದ್ದರೆ, ಏರ್‌ಟೆಲ್ ಅಥವಾ ಜಿಯೊ ಸಿಮ್ ಹಾಕಿ ವೈಫೈ ಕಾಲಿಂಗ್ ಆನ್ ಮಾಡಿಕೊಟ್ಟು ಬನ್ನಿ. ಟವರ್ ಸಿಗದಿದ್ದರೂ ಸಾದಾ ಕರೆ ಬರ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ರೂಟರೂ ನಿಲ್ತದೆ, ಅದಕ್ಕೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗ್ತದೆ. ತಗೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ 12 ಅಂತಲೇ ಬರೆದಿದೆಯಾ ಅಂತ ಫೋಟೊ ತರಿಸಿಕೊಂಡು ನೋಡಿ. ಫೈಬರ್ ಪೆಟ್ಟಿಗೆ ಬೇರೆಯೇ ಇದ್ದರೆ ಅದಕ್ಕೂ ಒಂದು ಬೇಕು.