ನಾಯಿ ಕಚ್ಚಿದರೆ ಪರಿಹಾರ ಯಾರು ಕೊಡಬೇಕು? ಲಾಯರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಾಯಿ ಕಡಿತ, ದೂರು, ಪರಿಹಾರ. ಇಷ್ಟರ ಬಗ್ಗೆ ಮಾತ್ರ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ಬಾಡಿಗೆ ಮನೆ: ಮೇಡಂ, ಬೀದಿ ನಾಯಿ ಕಚ್ಚಿದರೆ ಸರ್ಕಾರದಿಂದ ದುಡ್ಡು ಸಿಗುತ್ತಾ?

ಲಾಯರ್ ಮೇಡಂ: ಸಿಗುತ್ತದೆ. ಕರ್ನಾಟಕ ಸರ್ಕಾರ 2025ರ ನವೆಂಬರಿನಲ್ಲಿ ಗಾಯಕ್ಕೆ 5,000 ರೂಪಾಯಿ ಘೋಷಿಸಿತು. ಅದರಲ್ಲಿ 3,500 ನಿಮ್ಮ ಕೈಗೆ, 1,500 ಚಿಕಿತ್ಸೆಯ ಲೆಕ್ಕಕ್ಕೆ ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಸಾವಾದರೆ 5 ಲಕ್ಷ. ಆಸ್ಪತ್ರೆ ಚೀಟಿ, ಗಾಯದ ಫೋಟೋ ಇಟ್ಟುಕೊಂಡು ನಿಮ್ಮ ನಗರಸಭೆ ಅಥವಾ ಪಾಲಿಕೆಗೆ ಅರ್ಜಿ ಕೊಡಿ. ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡಿ.

ಡೆಲಿವರಿ ಹುಡುಗ: ನಾಯಿ ಅಟ್ಟಿಸಿಕೊಂಡು ಬಂದು ಬೈಕಿನಿಂದ ಬಿದ್ದೆ. ಕಚ್ಚಲಿಲ್ಲ, ಕೈ ಮುರಿಯಿತು. ನನಗೂ ಸಿಗುತ್ತಾ?

ಪಾಪುವಿನ ಅಮ್ಮ: ಅಕ್ಕಾ, ಮಗಳಿಗೆ ಏಳು ವರ್ಷ. ಮೊನ್ನೆ ಮೇಲಿನ ಮನೆಯವರ ಸಾಕುನಾಯಿ ಮೆಟ್ಟಿಲ ಹತ್ತಿರ ಕೆನ್ನೆಗೆ ಕಚ್ಚಿತು. ಚರ್ಮ ಹರಿದಿದೆ. ಅವರು ಮೂರು ಸಾವಿರ ಕೊಟ್ಟು, ‘ಇನ್ನೇನೂ ಕೇಳುವುದಿಲ್ಲ’ ಅಂತ ನಮ್ಮ ಯಜಮಾನರ ಹತ್ತಿರ ಸಹಿ ಹಾಕಿಸಿಕೊಂಡರು. ನಾಯಿಗೆ ಲಸಿಕೆ ಆಗಿದೆ ಅಂದರು. ಅದಕ್ಕೆ ಟಿಟಿ ಮಾತ್ರ ಹಾಕಿಸಿದೆವು. ಇನ್ನು ಏನೂ ಕೇಳುವ ಹಾಗಿಲ್ವಾ?

ಲಾಯರ್ ಮೇಡಂ: ತಂಗಿ, ಕಾನೂನು ಆಮೇಲೆ. ಈಗಲೇ ಮಗುವನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟಿಟಿ ಧನುರ್ವಾಯುವಿಗೆ, ರೇಬೀಸಿಗಲ್ಲ. ಚರ್ಮ ಹರಿದ ಗಾಯ ಮೂರನೇ ದರ್ಜೆಯದು, ಅಂದರೆ ಎಲ್ಲಕ್ಕಿಂತ ಗಂಭೀರ. ಅದಕ್ಕೆ ಲಸಿಕೆ ಒಂದೇ ಸಾಲದು, ರೇಬೀಸ್ ವೈರಸ್ಸನ್ನು ತಕ್ಷಣ ತಡೆಯುವ ಇಮ್ಯುನೊಗ್ಲೋಬ್ಯುಲಿನ್ ಅನ್ನು ಗಾಯಕ್ಕೇ ಚುಚ್ಚಬೇಕು. ನಾಯಿಗೆ ಲಸಿಕೆ ಆಗಿದೆ ಅನ್ನುವ ಬಾಯಿಮಾತು ನಂಬಿ ಕೂರಬೇಡಿ. ರೇಬೀಸಿನ ಲಕ್ಷಣ ಶುರುವಾದ ಮೇಲೆ ಉಳಿಸುವ ಔಷಧಿ ಇಲ್ಲ.

ನನ್ನ ಹತ್ತಿರ ಒಂದು ಹಳೇ ಫೈಲಿದೆ. ಆ ಹುಡುಗನ ಲಸಿಕೆ ಕಾರ್ಡಿನಲ್ಲಿ ಎರಡು ಮನೆಗೆ ಸೀಲು ಬಿದ್ದಿತ್ತು, ಉಳಿದವು ಖಾಲಿ. ಅವರಪ್ಪ ಅದನ್ನು ಜೇಬಿನಿಂದ ತೆಗೆದು, ಮಡಿಕೆ ಬಿಡಿಸಿ, ಅಂಗೈಯಲ್ಲಿ ಒತ್ತಿ ಒತ್ತಿ ನೇರ ಮಾಡಿ ನನ್ನ ಮೇಜಿನ ಮೇಲೆ ಇಟ್ಟರು. ಪರಿಹಾರ ಕೇಳಲು ಬಂದಿದ್ದರು. ಹುಡುಗ ಇರಲಿಲ್ಲ.

ಈಗ ಆ ಸಹಿ. ಹಾಕಿದ್ದು ನಿಮ್ಮ ಯಜಮಾನರು, ಮಗುವಲ್ಲ. ಮಗುವಿನ ಹಕ್ಕು ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ದಾವೆ ನಡೆಯುವಾಗ ಮಗುವಿನ ಪರವಾಗಿ ರಾಜಿಯಾಗಲು ಕೋರ್ಟಿನ ಅನುಮತಿಯೇ ಬೇಕು. ಪೊಲೀಸ್ ದೂರಿಗೂ ಆ ಚೀಟಿ ಅಡ್ಡಿಯಲ್ಲ. ಸಾಕುಪ್ರಾಣಿಯನ್ನು ಜಾಗ್ರತೆಯಿಂದ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ: 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ದುಡ್ಡು ತಾನಾಗಿ ನಿಮ್ಮ ಕೈಗೆ ಬರುವುದಿಲ್ಲ. ಚಿಕಿತ್ಸೆ ಖರ್ಚು, ನೋವು, ಕೆನ್ನೆಯ ಕಲೆ ಇವಕ್ಕೆ ಸಿವಿಲ್ ದಾವೆ ಹಾಕಬೇಕು. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಹೊರಟಿರಾ?

ಶುಭೋದಯ ಅಂಕಲ್: ಫಾರ್ವರ್ಡ್ ಬಂದಿದೆ. ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಹಚ್ಚಿದರೆ ವಿಷ ಇಳಿಯುತ್ತದಂತೆ. ಎಲ್ಲರಿಗೂ ಹಂಚಿ.

ಲಾಯರ್ ಮೇಡಂ: ಹಂಚಬೇಡಿ. ಅಡ್ಮಿನ್, ಅದನ್ನು ಅಳಿಸಿ. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಆಮೇಲೆ ಆಸ್ಪತ್ರೆ. ಬೇರೇನೂ ಹಚ್ಚಬೇಡಿ.

ಶುಭೋದಯ ಅಂಕಲ್: ನಮ್ಮ ಅಜ್ಜಿ ಕಾಲದಿಂದ ಮಾಡಿದ್ದೇವೆ, ಯಾರೂ ಸತ್ತಿಲ್ಲ.

ಲಾಯರ್ ಮೇಡಂ: ಕಚ್ಚಿದ ನಾಯಿಗೆಲ್ಲ ರೇಬೀಸ್ ಇರುವುದಿಲ್ಲ. ಸುಣ್ಣ ಅವರನ್ನು ಉಳಿಸಲಿಲ್ಲ ಸರ್. ನೀವು ಕಳಿಸಿದ್ದನ್ನು ನಂಬಿ ಯಾರಾದರೂ ಲಸಿಕೆ ಬಿಟ್ಟರೆ?

ಹೊಸ ಸದಸ್ಯ: ಬೀದಿ ನಾಯಿ ಕಚ್ಚಿದರೆ ದುಡ್ಡು ಸಿಗುತ್ತಾ?

ಲಾಯರ್ ಮೇಡಂ: ಮೇಲೆ ಓದಿ.

ಲೆಕ್ಕದ ಮೇಷ್ಟ್ರು: ಒಂದು ಹಲ್ಲಿನ ಗುರುತಿಗೆ 10,000 ಅಂತಾರಲ್ಲ?

ಲಾಯರ್ ಮೇಡಂ: ಅದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರಲ್ಲಿ ಹೇಳಿದ್ದು. ಆ ರಾಜ್ಯಗಳಿಗೆ, ಚಂಡೀಗಢಕ್ಕೆ. ನಮ್ಮಲ್ಲಿ ವಾದಕ್ಕೆ ಬಳಸಬಹುದು, ಹಕ್ಕು ಅಂತ ಕೇಳಲಾಗದು.

ವಾಕಿಂಗ್ ಗೆಳೆಯ: ಬೀದೀಲಿ ಅನ್ನ ಹಾಕುವವರ ಮೇಲೆ ಮೊದಲು ಕೇಸ್ ಹಾಕಿ. ಇಲ್ಲಾಂದ್ರೆ ನಾವೇ ವಿಷ ಹಾಕುತ್ತೇವೆ.

ನಾಯಿಪ್ರೀತಿ: ಹಾಕಿ ನೋಡಿ, ನಿಮ್ಮ ಮೇಲೇ ದೂರು ಕೊಡುತ್ತೇನೆ. ನಾನು ಸ್ವಂತ ದುಡ್ಡಲ್ಲಿ ಹನ್ನೊಂದು ನಾಯಿಗೆ ಆಪರೇಷನ್ ಮಾಡಿಸಿದ್ದೇನೆ. ನೀವೇನು ಮಾಡಿದ್ದೀರಿ?

ವಾಕಿಂಗ್ ಗೆಳೆಯ: ನನ್ನ ತಾಯಿ ಕಾಲಿಗೆ ಎಂಟು ಹೊಲಿಗೆ ಬಿದ್ದಿದೆ. ನಿಮ್ಮ ಲೆಕ್ಕ ನಿಮ್ಮ ಹತ್ತಿರವೇ ಇರಲಿ.

ನಾಯಿಪ್ರೀತಿ: ನಿಮ್ಮ ಹತ್ತಿರ ಮಾತಾಡೋದೇ ವೇಸ್ಟ್.

ಲಾಯರ್ ಮೇಡಂ: ಸಾಕು ಇಬ್ಬರೂ. ವಿಷ ಹಾಕಿದರೆ ಅದೇ ನ್ಯಾಯ ಸಂಹಿತೆಯ 325ನೇ ಕಲಂ, 5 ವರ್ಷದವರೆಗೆ ಜೈಲು. ಕಂಡಕಂಡಲ್ಲಿ ಅನ್ನ ಹಾಕುವುದೂ ತಪ್ಪು. ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಅಂತ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿದೆ. ಸಂತಾನಹರಣ, ಲಸಿಕೆ ಸ್ಥಳೀಯ ಸಂಸ್ಥೆಯ ಕೆಲಸ. ಜಗಳ ಅಲ್ಲಿ ಆಡಿ.

ತೋಟದ ಮನೆ: ಕೋತಿ ಕಚ್ಚಿದರೆ ಯಾರನ್ನು ಕೇಳಬೇಕು?

ಹೊಸ ಸದಸ್ಯ: ಮೇಲೆ ಅಂದ್ರೆ ಎಲ್ಲಿ? ಒಂದು ಮಾತು ಹೇಳೋಕೆ ಅಷ್ಟು ಕಷ್ಟಾನಾ?

ಡೆಲಿವರಿ ಹುಡುಗ: ಮೇಡಂ, ನನ್ನ ಪ್ರಶ್ನೆ ಹಾಗೇ ಉಳಿಯಿತು.

ಪಾಪುವಿನ ಅಮ್ಮ: ಅಕ್ಕಾ, ಆಸ್ಪತ್ರೆಯಲ್ಲೇ ಇದ್ದೇವೆ. ಕೆನ್ನೆಗೆ ಚುಚ್ಚುವಾಗ ತುಂಬಾ ಅತ್ತಳು. ಇವತ್ತಿಂದ ಮೂರು, ಏಳು, ಇಪ್ಪತ್ತೆಂಟನೇ ದಿನ ಬನ್ನಿ ಅಂದರು. ಮುಂದಿನದು ಭಾನುವಾರ ಬೀಳುತ್ತದೆ, ಸೋಮವಾರ ಹೋದರೆ ಆಗಲ್ವಾ?

ಲಾಯರ್ ಮೇಡಂ: ಬೇಡ, ಭಾನುವಾರವೇ ಹೋಗಿ. ತುರ್ತು ವಿಭಾಗದಲ್ಲಿ ಹಾಕುತ್ತಾರಾ ಅಂತ ಅಲ್ಲಿರುವಾಗಲೇ ಕೇಳಿಕೊಳ್ಳಿ. ಸೀಲು ಬಿದ್ದ ಕಾರ್ಡಿನ ಫೋಟೋ ನನಗೆ ಕಳಿಸಿ.