ನೆರಳು ಗಡಿಯಾರ ಅರ್ಧ ಗಂಟೆ ಹಿಂದೆ ಬಿದ್ದಿದೆ, ಯಾಕೆ?

ಗುಬ್ಬಿಗೇಟ್: ತಾರಸಿ ಮೇಲೆ ನಾನೇ ಮಾಡಿದ ನೆರಳು ಗಡಿಯಾರ ಕೆಟ್ಟಿದೆ. ನಿನ್ನೆ ರಥಸಪ್ತಮಿ, ಮನೆ ತುಂಬ ನೆಂಟರು. ಮಾವನವರಿಗೆ ತೋರಿಸಿದೆ. ಮೊಬೈಲ್‌ನಲ್ಲಿ 12:35, ಇದರಲ್ಲಿ 12:05. "ಇದಕ್ಕೂ ಕೀ ಕೊಡಬೇಕೇನಪ್ಪಾ?" ಎಂದು ನಕ್ಕರು. ಮಾಡಿದಾಗ ನಿಮಿಷ ತಪ್ಪಿರಲಿಲ್ಲ. ಯಾರೂ ಮುಟ್ಟಿಲ್ಲ.

ಕೋಲಾರ_ಕರಿಕಲ್ಲು: ಉತ್ತರ ದಿಕ್ಕು ಮೊಬೈಲ್ ದಿಕ್ಸೂಚಿಯಲ್ಲಿ ನೋಡಿದ್ದು ತಾನೇ? ಪಕ್ಕದಲ್ಲಿ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡ್ ಇದ್ದರೆ ಮುಗೀತು ಕಥೆ.

ಗುಬ್ಬಿಗೇಟ್: ಸ್ಟ್ಯಾಂಡ್ ಇದೆ. ಆದರೆ ಆಗಲೂ ಇತ್ತು ಅಲ್ವಾ? ನೆರಳು ಬೀಳಿಸುವ ಕಡ್ಡಿ ನೆಲದಿಂದ 13 ಡಿಗ್ರಿ ಎತ್ತಿದೆ, ನಮ್ಮೂರಿನ ಅಕ್ಷಾಂಶದಷ್ಟೇ.

ಮಧುಗಿರಿಯವ: ನಮ್ಮ ಗಂಟೆ 82.5 ಡಿಗ್ರಿ ರೇಖಾಂಶದ್ದು. ತುಮಕೂರು ಇರುವುದು 77ರಲ್ಲಿ. ಸೂರ್ಯ 21-22 ನಿಮಿಷ ತಡ.

ಕೋಲಾರ_ಕರಿಕಲ್ಲು: ಅದು ವರ್ಷಪೂರ್ತಿ ಅಷ್ಟೇ ಇರುತ್ತದೆ, ಸುಮ್ನೆ ದಾರಿ ತಪ್ಪಿಸಬೇಡಿ. ಕೋಲಾರದಲ್ಲಿ ನಿಮಗಿಂತ 4 ನಿಮಿಷ ಮುಂಚೆ, ಅಷ್ಟೇ. ನನ್ನದು ಎರಡಡಿ ಕರಿಕಲ್ಲು, ಹಿತ್ತಾಳೆ ಕಡ್ಡಿ. ಧ್ರುವ ನಕ್ಷತ್ರ ನೋಡಿ ಕೂರಿಸಿದ್ದು. ಸ್ಟ್ಯಾಂಡ್ ಎಷ್ಟು ಅಡಿ ದೂರ?

ಹೊಸಬ_ಶಿರಾ: ಚಳಿಗಾಲದಲ್ಲಿ ಸೂರ್ಯ ದೂರ ಹೋಗುತ್ತಾನಲ್ಲ, ಅದಕ್ಕಿರಬಹುದಾ?

ಮಧುಗಿರಿಯವ: ಉಲ್ಟಾ ಮಾರಾಯ್ರೇ. ಜನವರಿ ಮೊದಲ ವಾರದಲ್ಲೇ ಭೂಮಿ ಹತ್ತಿರ, 14.7 ಕೋಟಿ ಕಿ.ಮೀ. ಜುಲೈನಲ್ಲಿ 15.2 ಕೋಟಿ. ಚಳಿ ಬರುವುದು ಭೂಮಿ 23.5 ಡಿಗ್ರಿ ವಾಲಿರುವುದರಿಂದ.

ನಂದಿತಪ್ಪಲು: ಗೆರೆ ಹಾಕಿದ್ದು ಯಾವ ತಿಂಗಳು? ಇದನ್ನು ಯಾರೂ ಕೇಳಲೇ ಇಲ್ಲ.

ಗುಬ್ಬಿಗೇಟ್: ದೀಪಾವಳಿ ರಜೆಯಲ್ಲಿ, ನವೆಂಬರ್ 3. ಮೊಬೈಲ್ ನೋಡಿಕೊಂಡು ಗಂಟೆಗೊಂದು ಗೆರೆ. ಅದಕ್ಕೂ ಇದಕ್ಕೂ ಏನು?

ನಂದಿತಪ್ಪಲು: ಎಲ್ಲಾ ಅಲ್ಲೇ ಇದೆ! ನವೆಂಬರ್ ಮೊದಲ ವಾರ ಸೂರ್ಯ ಗಡಿಯಾರಕ್ಕಿಂತ 16 ನಿಮಿಷ ಮುಂದೆ. ಫೆಬ್ರವರಿಯಲ್ಲಿ 14 ನಿಮಿಷ ಹಿಂದೆ. ಕೂಡಿಸಿ, ನಿಮ್ಮ ಅರ್ಧ ಗಂಟೆ ಬಂತು. ಕಾರಣ ಎರಡು. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಹತ್ತಿರ ಬಂದಾಗ ಜೋರಾಗಿ ಓಡುತ್ತದೆ. ಇದರಿಂದ 7-8 ನಿಮಿಷದವರೆಗೆ ಏರುಪೇರು. ಭೂಮಿ ವಾಲಿರುವುದರಿಂದ ಇನ್ನೂ ಜಾಸ್ತಿ, ಸುಮಾರು 10. ಚಳಿ ತರುವ ವಾಲಿಕೆಯೇ ನಿಮ್ಮ ಗಡಿಯಾರವನ್ನೂ ಕೆಡಿಸಿದ್ದು.

ಕರಿಕಲ್ಲು ಅವರೇ, ಈ ಎರಡೂ ದಿನ ಸೂರ್ಯ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿರುತ್ತಾನೆ. ಕಡ್ಡಿ ಸೊಟ್ಟಗಿದ್ದರೂ ಎರಡೂ ದಿನ ಒಂದೇ ತಪ್ಪು ಬರಬೇಕು.

ಗುಬ್ಬಿಗೇಟ್, ಕಡ್ಡಿ ಮುಟ್ಟಬೇಡಿ. ಡಿಸೆಂಬರ್ 25 ಅಥವಾ ಏಪ್ರಿಲ್ 15ರ ಆಸುಪಾಸು ಈ ವ್ಯತ್ಯಾಸ ಸೊನ್ನೆ. ಏಪ್ರಿಲ್‌ನಲ್ಲಿ ಗೆರೆಗಳನ್ನು ಹೊಸದಾಗಿ ಹಾಕಿ. ತಿಂಗಳಿಗೆ ಎಷ್ಟು ನಿಮಿಷ ಕೂಡಿಸಬೇಕು, ಕಳೆಯಬೇಕು ಎಂದು ಪಕ್ಕದಲ್ಲೇ ಬಣ್ಣದಲ್ಲಿ ಬರೆದಿಡಿ.

ಗುಬ್ಬಿಗೇಟ್: ಏಪ್ರಿಲ್‌ವರೆಗೆ ಮಾವನವರಿಗೆ ಏನು ಹೇಳಲಿ?

ಹೊಸಬ_ಶಿರಾ: ನನ್ನ ಕಡ್ಡಿ ನೆಟ್ಟಗೆ ನಿಂತಿದೆ. ಏಪ್ರಿಲ್ ಕೊನೆಗೆ ಮಧ್ಯಾಹ್ನ ನೆರಳೇ ಬೀಳಲ್ಲ ಅಂತಾರೆ, ನಿಜಾನಾ?

ಮಧುಗಿರಿಯವ: ನಿಜ. ಆಗಸ್ಟ್ ಮಧ್ಯದಲ್ಲೂ ಒಂದು ದಿನ. ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ. ಬೇರೆ ಎಳೆ ಶುರು ಮಾಡಿ, ಫೋಟೋ ಹಾಕುತ್ತೇನೆ.

ಕೋಲಾರ_ಕರಿಕಲ್ಲು: ಎಲ್ಲಾ ಸರಿ. ಸ್ಟ್ಯಾಂಡ್ ಎಷ್ಟು ಅಡಿ ದೂರ ಅಂತ ಇನ್ನೂ ಹೇಳಿಲ್ಲ.