ಸಹಾಯ ಬೇಕು: ಒಕವಾಂಗೋದ ನೀರಿನ ಕ್ಯಾಂಪ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ಬರುವ ಜುಲೈನಲ್ಲಿ ಅಮ್ಮ, ನಾನು ಬೋಟ್ಸ್‌ವಾನಾದ ಒಕವಾಂಗೋ ಡೆಲ್ಟಾಗೆ ಹೋಗಬೇಕು ಅಂತಿದ್ದೇವೆ. ಅಲ್ಲಿನ ನೀರಿನ ಕ್ಯಾಂಪ್‌ಗಳಲ್ಲಿ (ಸುತ್ತ ನೀರಿದ್ದು, ದೋಣಿಯಲ್ಲೇ ಓಡಾಡುವ ತಂಗುದಾಣ) ಉಳಿದು ಬಂದವರು ಇದ್ದರೆ ದಯವಿಟ್ಟು ಹೇಳಿ.

ಅಂಗೋಲಾದ ಬೆಟ್ಟಗಳಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ಹರಿದು ಬಂದು, ಬೋಟ್ಸ್‌ವಾನಾದಲ್ಲಿ ಒಣ ಕಾಲ ಇರುವಾಗ ಡೆಲ್ಟಾ ತುಂಬುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೀರು ಜಾಸ್ತಿ. ಒಕವಾಂಗೋ ನದಿ ಸಮುದ್ರ ಸೇರುವುದೇ ಇಲ್ಲ, ಕಲಹರಿ ಮರುಭೂಮಿಯ ಮರಳಲ್ಲೇ ಹರಡಿ ಮುಗಿಯುತ್ತದೆ. ಇದನ್ನು ಕೇಳಿದಾಗಿನಿಂದ ಅಮ್ಮನಿಗೆ ನೋಡಲೇಬೇಕು ಅಂತ ಆಸೆ.

ನನ್ನ ದೊಡ್ಡ ಚಿಂತೆ ಅವರ ಮಂಡಿ ನೋವು. ಮೊಕೊರೊ ಅನ್ನುವ, ಕೋಲಿನಿಂದ ನೂಕುವ ಕಿರಿದಾದ ದೋಣಿಯಲ್ಲಿ ತೀರಾ ಕೆಳಗೆ, ಕಾಲು ಚಾಚಿ ಕೂರಬೇಕಲ್ವಾ? ಹತ್ತಿ ಇಳಿಯುವಾಗ ಕೈ ಹಿಡಿಯುತ್ತಾರಾ? ಆಗದಿದ್ದರೆ ಮೋಟಾರು ದೋಣಿ ಸಿಗುತ್ತದಾ? ನೀರು ಪೂರ್ತಿ ಸುತ್ತುವರಿದ ಕ್ಯಾಂಪ್‌ನಲ್ಲಿ ಜೀಪ್ ಸಫಾರಿ ಇರುವುದಿಲ್ಲ ಅಂತ ಏಜೆಂಟ್ ಹೇಳಿದರು. ಆನೆ, ನೀರಾನೆ, ಹಕ್ಕಿಗಳು ಕಂಡರೆ ಅಮ್ಮನಿಗೆ ಸಾಕು. ಆದರೂ ಅಷ್ಟು ದೂರ ಹೋಗಿ ಸಿಂಹ ನೋಡದೆ ಬರುವುದು ನನಗೆ ಇಷ್ಟವಿಲ್ಲ. ಕೊನೆಯ ಒಂದೆರಡು ರಾತ್ರಿ ಜೀಪ್ ಸಫಾರಿ ಇರುವ ಒಣ ನೆಲದ ಕ್ಯಾಂಪ್‌ಗೆ ಬದಲಾಯಿಸುವುದು ಒಳ್ಳೆಯದಾ?

ಡೆಲ್ಟಾ ಹತ್ತಿರದ ಮೌನ್ ಊರಿನಿಂದ ಕ್ಯಾಂಪ್‌ಗೆ ಪುಟ್ಟ ವಿಮಾನ, ಮೆತ್ತನೆಯ ಬ್ಯಾಗು, ತೂಕಕ್ಕೂ ಮಿತಿ. ಅದು ಗೊತ್ತು. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿದ್ದೇವೆ. ಊಟ ಹೇಗೆ? ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಚಟ್ನಿಪುಡಿ, ಅವಲಕ್ಕಿ ಒಯ್ದರೆ ಅಡುಗೆಯವರ ಹತ್ತಿರ ಇಡಲು ಕೊಡಬಹುದಾ? ಪ್ರಾಣಿಗಳು ಬರುತ್ತವೆ, ಟೆಂಟ್‌ನಲ್ಲಿ ತಿಂಡಿ ಇಡಬೇಡಿ ಅಂದಿದ್ದಾರೆ.

ಈ ವಾರ ಮುಂಗಡ ಕಟ್ಟಬೇಕು. ವಯಸ್ಸಾದವರನ್ನು ಕರೆದುಕೊಂಡು ಹೋದವರು ಮೊದಲು ಉತ್ತರಿಸಿದರೆ ತುಂಬಾ ಉಪಕಾರ.